ಹಳೆಯ ಟೇಪುಗಳ ಹುಚ್ಚು

9 ಜೂನ್ 2024, ಭಾನುವಾರ

ಅಣ್ಣ ಫೋನ್ ಮಾಡಿದಾಗ ನನಗೇನೂ ಗೊತ್ತೇ ಇಲ್ಲವೆಂಬಂತೆ ನಟಿಸಬೇಕಾಯಿತು. ಮಗಳು ಇರುವ ಕೆಲಸ ಬಿಟ್ಟು ಹಳೆಯ ವಿಡಿಯೊ ಟೇಪುಗಳನ್ನು ಉಳಿಸುವ ವಿದ್ಯೆ ಕಲಿಯಲು ಹೊರಟಿದ್ದಾಳೆ. “ಟಿ.ವಿ. ನೋಡುವುದೂ ಒಂದು ಉದ್ಯೋಗವೇ? ಅವಳ ತಲೆ ಕೆಡಿಸಿದವಳು ನೀನೇ” ಎಂದ. ಅಲ್ಲವೆಂದು ಹೇಗೆ ಹೇಳಲಿ? ನಾನು ಹುಟ್ಟುವ ಮೊದಲು ತಯಾರಾದ ಧಾರಾವಾಹಿಗಳನ್ನು ಅವಳ ಪಕ್ಕದಲ್ಲಿ ಕುಳಿತು ರಾತ್ರಿಯಿಡೀ ನೋಡಿದವಳು ನಾನೇ ತಾನೇ.

ಸಮಾಧಾನಕ್ಕೆಂದು ನಟ ಪೀಟರ್ ಕಪಾಲ್ಡಿಯ ವಿಷಯ ಹೇಳಿದೆ. ಹದಿನೈದರ ಹುಡುಗ ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಮೆಚ್ಚಿ ‘ರೇಡಿಯೊ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ 1974ರಲ್ಲಿ ಅಚ್ಚಾಯಿತು, 2013ರಲ್ಲಿ ಅದೇ ಧಾರಾವಾಹಿಯ ನಾಯಕನ ಪಾತ್ರಕ್ಕೆ ಅವನದೇ ಹೆಸರು ಪ್ರಕಟವಾಯಿತು. ರೊನಾಲ್ಡ್ ಮೂರ್‌ನನ್ನೂ ಎಳೆದು ತಂದೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಸೆಟ್ ನೋಡಲು ಹೋದವನು ತಾನು ಬರೆದ ಚಿತ್ರಕಥೆಯನ್ನು ಜೊತೆಯಲ್ಲೇ ಒಯ್ದಿದ್ದ. ಅದು 1989ರಲ್ಲಿ ಪ್ರಸಾರವಾಯಿತು, ಅವನು ಅಲ್ಲೇ ಬರಹಗಾರನಾದ. ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಎಪ್ಪತ್ತರ ದಶಕದ ಸರಣಿಯನ್ನು ಬುಡದಿಂದ ಹೊಸದಾಗಿ ಕಟ್ಟಿದವನೂ ಅವನೇ.

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, “ಒಬ್ಬನಿಗೆ ಲಾಟರಿ ಹೊಡೆಯಿತೆಂದು ಎಲ್ಲರಿಗೂ ಟಿಕೆಟ್ ಕೊಳ್ಳಲು ಹೇಳುತ್ತೀಯಾ?” ಎಂದು ಫೋನ್ ಇಟ್ಟ.

ಸಿಟ್ಟು ಬಂತು. ಆಮೇಲೆ ಅವನ ಮಾತು ನಿಜವೆನ್ನಿಸಿ ಇನ್ನೂ ಸಿಟ್ಟು ಬಂತು.

ಸಂಜೆ ಅವಳೇ ಬಂದಳು. ಅಪ್ಪನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಪ್ಪಲಿ ಬಿಡುವ ಮೊದಲೇ ಟೇಪುಗಳನ್ನು ಬೇಯಿಸುವ ಬಗ್ಗೆ ಶುರುಮಾಡಿದಳು. ಎಪ್ಪತ್ತು–ಎಂಬತ್ತರ ದಶಕಗಳ ಎಷ್ಟೋ ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಕುಡಿದು ಜಿಗುಟಾಗುತ್ತದಂತೆ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಕಿರ್‍ರೆಂದು ಕಿರುಚುತ್ತದೆ, ಟೇಪನ್ನು ಓದುವ ಹೆಡ್‌ಗೆ ಕಂದು ಬಣ್ಣದ ಮೇಣದಂಥದ್ದು ಮೆತ್ತಿಕೊಳ್ಳುತ್ತದೆ. ಆ ಕಂದು ಮೇಣವೇ ಚಿತ್ರ. ಅದಕ್ಕಾಗಿ ಐವತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹದವಾಗಿ ಕಾಯಿಸಿ, ಮತ್ತೆ ತೇವ ಹಿಡಿಯುವ ಮೊದಲು ಓಡಿಸಿ ಡಿಜಿಟಲ್ ಪ್ರತಿ ತೆಗೆದುಕೊಳ್ಳಬೇಕು. ಹೇಳುವಾಗ ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇತ್ತು, ಆ ಜಿಗುಟು ಅಲ್ಲೇ ಅಂಟಿಕೊಂಡಿದೆಯೇನೋ ಎಂಬಂತೆ.

“ಈಗಲೂ ನಿನಗೆ ಕಥೆ ಖುಷಿ ಕೊಡುತ್ತದೆಯೇ?” ಎಂದು ಕೇಳಿದೆ.

“ಕಥೆ ಕಾಣಿಸುವುದೇ ಇಲ್ಲ ಅತ್ತೆ. ಪರದೆಯ ಕೆಳಗಿನ ಅಂಚು ನೋಡುತ್ತಿರುತ್ತೇನೆ. ಗೆರೆಗಳು ಮೊದಲು ಒಡೆಯುವುದು ಅಲ್ಲಿ.”

ಇದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ಅಣ್ಣನಿಗೆ ಅವಳ ಸಂಬಳದ ಚಿಂತೆ. ನನ್ನ ಚಿಂತೆ ಬೇರೆ. ಹೊಟ್ಟೆಪಾಡಾದ ಮೇಲೂ ಮೋಹ ಮೋಹವಾಗಿಯೇ ಉಳಿಯುತ್ತದೆಯೇ? ಜೊತೆಯಲ್ಲಿ ಕುಳಿತು ನಗುತ್ತಿದ್ದ ಹುಡುಗಿ ಇನ್ನು ಮುಂದೆ ಪಕ್ಕದಲ್ಲೇ ಕುಳಿತು ಅಂಚು ನೋಡುತ್ತಾಳೆಯೇ? ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಇರಲಿ.

ಆದರೆ ಇಂಥ ಹುಚ್ಚಿನವರಿಲ್ಲದಿದ್ದರೆ ನೋಡಲಿಕ್ಕೆ ಏನು ಉಳಿದಿರುತ್ತಿತ್ತು? ಟೇಪು ದುಬಾರಿ, ಮರುಪ್ರಸಾರದ ಹಕ್ಕು ಮುಗಿದಿದೆ, ಕಪಾಟಿನಲ್ಲಿ ಜಾಗವಿಲ್ಲ, ಬಣ್ಣದ ಕಾಲ ಬಂದ ಮೇಲೆ ಕಪ್ಪು–ಬಿಳುಪು ಯಾರಿಗೆ ಬೇಕು ಎಂದುಕೊಂಡು ಬಿಬಿಸಿ ತನ್ನ ಟೇಪುಗಳನ್ನು ತಾನೇ ಅಳಿಸಿತು. ಅರವತ್ತರ ದಶಕದ ‘ಡಾಕ್ಟರ್ ಹೂ’ವಿನ 253 ಕಂತುಗಳಲ್ಲಿ 97 ಇವತ್ತಿಗೂ ಇಲ್ಲ. ಅವುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ, ಏಕೆಂದರೆ ಆಗಿನ ಹುಡುಗರು ಮನೆಯ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದರು. ಮನೆಯವರಿಂದ ಎಷ್ಟು ಬೈಸಿಕೊಂಡಿದ್ದರೋ! ಫಿಲಿಪ್ ಮಾರಿಸ್ ಎಂಬಾತ ಕಳೆದುಹೋದ ಕಾರ್ಯಕ್ರಮಗಳನ್ನು ಹುಡುಕುವುದನ್ನೇ ಕಸುಬು ಮಾಡಿಕೊಂಡವನು. ವಿದೇಶಗಳಿಗೆ ಮಾರಿದ ಫಿಲ್ಮ್ ಪ್ರತಿಗಳ ಜಾಡು ಹಿಡಿದು ನೈಜೀರಿಯಾದ ಜೋಸ್‌ವರೆಗೆ ಹೋಗಿ, ಅಲ್ಲಿನ ಟಿ.ವಿ. ಕೇಂದ್ರವೊಂದರಲ್ಲಿ ಅವನು ಪತ್ತೆಮಾಡಿದ ಒಂಬತ್ತು ಕಂತುಗಳು 2013ರಲ್ಲಿ ಹೊರಬಂದವು.

ಇದನ್ನೆಲ್ಲ ಬೆಳಿಗ್ಗೆಯೇ ಅಣ್ಣನಿಗೆ ಹೇಳಬೇಕಿತ್ತು. ಹೇಳಿದ್ದರೂ ‘ಅವನಿಗೆ ಹೆಂಡತಿ ಮಕ್ಕಳು ಇಲ್ಲವೇ’ ಎನ್ನುತ್ತಿದ್ದನೇನೋ.

ಅವಳು ಹೇಳಿದ್ದರಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಚುಕ್ಕೆಗಳ ಕಥೆ. ಬಣ್ಣದಲ್ಲಿ ತಯಾರಾದ ಎಷ್ಟೋ ಕಾರ್ಯಕ್ರಮಗಳ ಕಪ್ಪು–ಬಿಳುಪು ಫಿಲ್ಮ್ ಪ್ರತಿಗಳಷ್ಟೇ ಉಳಿದಿವೆ. ಪರದೆಯ ಮುಂದೆ ಕ್ಯಾಮೆರಾ ಇಟ್ಟು ಆ ಪ್ರತಿಗಳನ್ನು ತೆಗೆಯುವಾಗ ಬಣ್ಣದ ಸಂಕೇತವನ್ನು ಸೋಸದೆ ಬಿಟ್ಟಿದ್ದರಿಂದ, ಅದು ಚಿತ್ರದ ಮೇಲೆ ಅತಿ ಸಣ್ಣ ಚುಕ್ಕೆಗಳ ಜಾಲವಾಗಿ ಬಿದ್ದಿತ್ತು. ದಶಕಗಳ ಕಾಲ ಎಲ್ಲರ ಕಣ್ಣಿಗೂ ಅದು ಬರೀ ಕೊಳೆ. ಬಿಬಿಸಿಯ ಜೇಮ್ಸ್ ಇನ್ಸೆಲ್‌ಗೆ ಮಾತ್ರ ಆ ಕೊಳೆಯಲ್ಲೇ ಬಣ್ಣ ಅಡಗಿದೆಯೆಂದು ಹೊಳೆಯಿತು. ರಿಚರ್ಡ್ ರಸೆಲ್ ಅದಕ್ಕೆ ತಕ್ಕ ತಂತ್ರಾಂಶ ಬರೆದ. 2008ರಲ್ಲಿ ‘ಡ್ಯಾಡ್ಸ್ ಆರ್ಮಿ’ ಎಂಬ ಹಳೆಯ ಹಾಸ್ಯ ಧಾರಾವಾಹಿಯ ಒಂದು ಕಂತು ತನ್ನ ನಿಜವಾದ ಬಣ್ಣಗಳನ್ನು ಮರಳಿ ಪಡೆದು ಪ್ರಸಾರವಾಯಿತು. ಊಹಿಸಿ ಬಳಿದ ಬಣ್ಣವಲ್ಲ ಅದು, ಅಂದು ಸ್ಟುಡಿಯೊದಲ್ಲಿದ್ದ ಬಣ್ಣವೇ.

“ಅಂಚು ನೋಡುವವರು ಇದ್ದುದರಿಂದಲೇ ಅಲ್ಲವೇ ಅತ್ತೆ?” ಎಂದಳು. ಉತ್ತರ ಕೊಡದೆ ಎದ್ದು ದೀಪ ಹಾಕಿದೆ. ಇಷ್ಟು ಜಾಣತನ ಅವಳಿಗೆ ನನ್ನಿಂದಂತೂ ಬಂದಿರಲಾರದು.

ಅಣ್ಣ ನಾಳೆ ಮತ್ತೆ ಫೋನ್ ಮಾಡುತ್ತಾನೆ. ಎಲ್ಲರೂ ಕಪಾಲ್ಡಿಯಾಗುವುದಿಲ್ಲ ಎಂದು ಒಪ್ಪಿಕೊಂಡು, ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುವವರ ಬಗ್ಗೆಯೇ ಹೇಳಬೇಕು. ಮೇಲಾಗಿ ಅವಳದು ಎಂಜಿನಿಯರಿಂಗ್, ಕೈಗೆ ಬರುವ ಕೆಲಸವೇ. ಆದರೆ ಒಂದು ಪ್ರಶ್ನೆ ಅವಳು ಹೋದ ಮೇಲೆ ಹೊಳೆಯಿತು. ಮನೆಬಳಕೆಯ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ಕೈ ಎತ್ತಿತು. ಸ್ಟುಡಿಯೊಗಳ ಎರಡಿಂಚು ಟೇಪಿನ ದೈತ್ಯ ಯಂತ್ರಗಳ ಹೆಡ್ ನಿಮಿಷಕ್ಕೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಸವೆಯದೆ ಇರುತ್ತದೆಯೇ? ಅದನ್ನು ರಿಪೇರಿ ಮಾಡಬಲ್ಲವರಿಗೆಲ್ಲ ವಯಸ್ಸಾಗಿದೆ. ಟೇಪು ಉಳಿದರೂ ಓಡಿಸುವ ಯಂತ್ರವೇ ಇಲ್ಲವಾದರೆ, ಇವಳಿಗೆ ಐವತ್ತಾಗುವ ಹೊತ್ತಿಗೆ ಈ ವಿದ್ಯೆ ಹಿಡಿದುಕೊಂಡು ಏನು ಮಾಡುತ್ತಾಳೆ?