ಟೋಕಿಯೋದಿಂದ ಸಂಜೆ ಹೊರಟು ಅದೇ ದಿನ ಬೆಳಿಗ್ಗೆ ಇಳಿಯುವ ಲೆಕ್ಕ

ಜನವರಿ 10ರ ಸಂಜೆ 5ಕ್ಕೆ ಟೋಕಿಯೋದಿಂದ ಹೊರಟ ವಿಮಾನ, ಅದೇ ಜನವರಿ 10ರ ಬೆಳಿಗ್ಗೆ 10ಕ್ಕೆ ಲಾಸ್ ಏಂಜಲೀಸ್ ತಲುಪುತ್ತದೆ. ಹಾರಾಟಕ್ಕೆ ಹಿಡಿದ ಸಮಯ ಎಷ್ಟು?

ಪರೀಕ್ಷೆಗೆ ಮುಂಚಿನ ಭಾನುವಾರ ನಮ್ಮ ಮುಂದೆ ಇದ್ದ ಮೊದಲ ಪ್ರಶ್ನೆ ಇದು. ಟ್ರಾವೆಲ್ ಆಂಡ್ ಟೂರಿಸಂ ಡಿಪ್ಲೊಮಾ ಓದುತ್ತಿದ್ದ ನಾವು ನಾಲ್ಕೈದು ಜನ ಬೆಳಿಗ್ಗೆಯಿಂದ ಸಂಜೆವರೆಗೆ ಒಟ್ಟಿಗೆ ಕೂತು ರಿವಿಷನ್ ಮಾಡೋದು ಅಂತ ಮಾತಾಗಿತ್ತು. ನಮ್ಮಲ್ಲಿ ಹಿರಿಯರು ಒಬ್ಬರಿದ್ದರು. ಎಲ್ಲರಿಗೂ ಅವರು ಅಕ್ಕ. ವರ್ಷಗಟ್ಟಲೆ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡಿ, ಬಡ್ತಿಗೆ ಸರ್ಟಿಫಿಕೇಟ್ ಬೇಕು ಅಂದಿದ್ದಕ್ಕೆ ಬಂದು ಸೇರಿದವರು. ನಮಗೆ ಪುಸ್ತಕ ಗೊತ್ತಿತ್ತು, ಅವರಿಗೆ ಕ್ಯೂ ಗೊತ್ತಿತ್ತು.

ಟೋಕಿಯೋ ಲೆಕ್ಕಕ್ಕೆ ಒಂದೇ ದಾರಿ. ಎರಡೂ ಸಮಯಗಳನ್ನು ಜಿಎಂಟಿಗೆ, ಅಂದರೆ ಗ್ರೀನಿಚ್ ಸಮಯಕ್ಕೆ ತಂದುಕೊಳ್ಳಬೇಕು. ಟೋಕಿಯೋ 9 ಗಂಟೆ ಮುಂದೆ, ಹಾಗಾಗಿ ಸಂಜೆ 5 ಅಂದರೆ ಬೆಳಿಗ್ಗೆ 8. ಲಾಸ್ ಏಂಜಲೀಸ್ 8 ಗಂಟೆ ಹಿಂದೆ, ಹಾಗಾಗಿ ಬೆಳಿಗ್ಗೆ 10 ಅಂದರೆ ಸಂಜೆ 6. ಕಳೆದರೆ 10 ಗಂಟೆ. ಇಷ್ಟೇ ಅಲ್ವಾ ಅಂತ ಪೆನ್ ಕೆಳಗಿಟ್ಟೆವು.

"ತಾರೀಖು ಯಾಕೆ ಕೊಟ್ಟಿದ್ದಾರೆ ಹೇಳಿ ನೋಡೋಣ" ಅಂದರು ಅಕ್ಕ.

ಸುಮ್ನೆ ಕೊಟ್ಟಿದ್ದಲ್ಲ. ಅದೇ ಪ್ರಶ್ನೆಯಲ್ಲಿ ಜುಲೈ 10 ಅಂತಿದ್ದರೆ ಉತ್ತರ 9 ಗಂಟೆ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಟೋಕಿಯೋದಲ್ಲಿ ಆ ಪದ್ಧತಿಯೇ ಇಲ್ಲ. ಆ ಮೇಲೆ ನಮಗೆ ಹುಚ್ಚು ಹತ್ತಿತು. ನೇಪಾಳದ ಗಡಿಯಾರ 5 ಗಂಟೆ 45 ನಿಮಿಷ ಮುಂದಿರುವುದು, ಸಮೋವಾ ದೇಶ ದಿನಾಂಕ ರೇಖೆಯ ಆಚೆ ಬದಿಗೆ ಹೋಗಲು 2011ರ ಡಿಸೆಂಬರ್ 30ನ್ನೇ ಕ್ಯಾಲೆಂಡರಿನಿಂದ ಕಿತ್ತು ಹಾಕಿದ್ದು, ಇಂಥವನ್ನೆಲ್ಲ ಹುಡುಕಿ ಹುಡುಕಿ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿಕೊಂಡೆವು. ಪರೀಕ್ಷೆಗೆ ಇದು ಬೇಕಿರಲಿಲ್ಲ. ಆದರೆ ಓದಿನ ನಡುವೆ ಇಂಥದ್ದೊಂದು ಸಿಗದಿದ್ದರೆ ಯಾರು ತಾನೇ ಆರು ಗಂಟೆ ಕೂರುತ್ತಾರೆ!

ಆಮೇಲೆ ಭೂಗೋಳ. ನಕ್ಷೆಯಲ್ಲಿ ಕಾಣುವ ಭೂಗೋಳ ಅಲ್ಲ, ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯಾಟಾದ ಭೂಗೋಳ. ದರದ ಲೆಕ್ಕಕ್ಕಾಗಿ ಅವರು ಇಡೀ ಜಗತ್ತನ್ನು ಮೂರು ಪಾಲು ಮಾಡಿದ್ದಾರೆ. ಅಮೆರಿಕಗಳು ಒಂದನೆಯದು, ಯುರೋಪ್, ಆಫ್ರಿಕಾ ಮತ್ತು ಮಧ್ಯಪ್ರಾಚ್ಯ ಎರಡನೆಯದು, ಏಷ್ಯಾ, ಆಸ್ಟ್ರೇಲಿಯಾ ಮತ್ತು ಪೆಸಿಫಿಕ್ ದ್ವೀಪಗಳು ಮೂರನೆಯದು. ಇಲ್ಲಿ ಮೊರಾಕೊ, ಅಲ್ಜೀರಿಯಾ, ಟುನೀಶಿಯಾ ಯುರೋಪಿಗೆ ಸೇರುತ್ತವೆ. ಈಜಿಪ್ಟ್ ಮತ್ತು ಸುಡಾನ್ ಆಫ್ರಿಕಾದಲ್ಲಿಲ್ಲ, ಮಧ್ಯಪ್ರಾಚ್ಯದಲ್ಲಿವೆ. ಶಾಲೆಯಲ್ಲಿ ಭೂಗೋಳಕ್ಕೆ ಒಳ್ಳೆ ಮಾರ್ಕ್ಸ್ ತೆಗೆದವರೇ ಇಲ್ಲಿ ಎಡವುತ್ತಾರೆ.

ವಿಮಾನ ನಿಲ್ದಾಣಗಳ ಕೋಡ್‌ಗಳ ವಿಷಯಕ್ಕೆ ಬಂದಾಗ ಒಂದು ಸಣ್ಣ ಜಗಳವೇ ಆಯಿತು. ಮೊಬೈಲಿನಲ್ಲಿ ಒಂದು ಕ್ಷಣಕ್ಕೆ ಸಿಗುವ ಮೂರಕ್ಷರಗಳನ್ನು ಬಾಯಿಪಾಠ ಮಾಡೋದ್ಯಾಕೆ ಅಂತ ಒಬ್ಬ ಪಟ್ಟು ಹಿಡಿದ. ಅವನ ಮಾತಿನಲ್ಲೂ ಹುರುಳಿತ್ತು. ಆದರೆ ನನಗೆ ಬಾಯಿಪಾಠವೇ ಸರಿ ಅನಿಸುತ್ತದೆ. ಹುಡುಕಬೇಕು ಅಂತ ಅನುಮಾನ ಬಂದವನು ಹೇಗೂ ಹುಡುಕುತ್ತಾನೆ. ಅನುಮಾನವೇ ಬಾರದವನ ಗತಿ ಏನು? ಎಸ್‌ಜೆಒ ಅಂದರೆ ಕೋಸ್ಟರಿಕಾದ ಸ್ಯಾನ್ ಹೋಸೆ, ಎಸ್‌ಜೆಸಿ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಆಸ್ಟ್ರೇಲಿಯಾದ ಸಿಡ್ನಿ ಎಸ್‌ವೈಡಿ, ಕೆನಡಾದಲ್ಲಿ ಇನ್ನೊಂದು ಸಿಡ್ನಿ ಇದೆ, ಅದು ವೈಕ್ಯೂವೈ. ಆಸ್ಟ್ರೇಲಿಯಾಕ್ಕೆ ಅಂತ ಹೊರಟು ಕೆನಡಾದ ಸಿಡ್ನಿಯಲ್ಲಿ ಇಳಿದವರು ನಿಜವಾಗಿಯೂ ಇದ್ದಾರೆ. ಟಿಕೆಟ್ ಮೇಲೆ ಕಣ್ಣಾಡಿಸುವಾಗಲೇ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಬೇಕಾದರೆ ಆ ಅಕ್ಷರಗಳು ಮೊದಲೇ ತಲೆಯೊಳಗಿರಬೇಕು.

ದಿನದ ಅತಿ ಒಳ್ಳೆಯ ಪ್ರಶ್ನೆ ಮಧ್ಯಾಹ್ನ ಬಂತು. ಅದನ್ನು ಹಾಕಿದ್ದು ಅಕ್ಕ, ಪುಸ್ತಕ ಮುಚ್ಚಿಟ್ಟು. ಪ್ರಯಾಣಿಕರೊಬ್ಬರು ಮಧ್ಯಾಹ್ನ 1:10ಕ್ಕೆ ಲಂಡನ್‌ನಲ್ಲಿ ಇಳಿಯುತ್ತಾರೆ, ಸಂಜೆ 6ಕ್ಕೆ ಲಂಡನ್‌ನಿಂದಲೇ ಮುಂದಿನ ವಿಮಾನ. ಎರಡೂ ಬೇರೆ ಬೇರೆ ಟಿಕೆಟ್. ಬುಕ್ ಮಾಡ್ತೀರಾ?

ಸುಮಾರು ಐದು ಗಂಟೆ ಇದೆ, ಧಾರಾಳ ಸಾಕು ಅಂತ ಎಲ್ಲರೂ ತಲೆಯಾಡಿಸಿದೆವು. ಅವರು ಹಾಳೆಯ ಮೇಲೆ ಎರಡು ಕೋಡ್ ಬರೆದರು. ಇಳಿಯುವುದು ಎಲ್‌ಎಚ್‌ಆರ್, ಹೊರಡುವುದು ಎಲ್‌ಜಿಡಬ್ಲ್ಯೂ. ಅಂದರೆ ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಿಂದ ಹತ್ತಬೇಕು. ಎಲ್‌ಒಎನ್ ಅನ್ನುವ ನಗರದ ಕೋಡ್ ಹಾಕಿ ಹುಡುಕಿದರೆ ಎರಡೂ ನಿಲ್ದಾಣಗಳ ವಿಮಾನಗಳು ಪಕ್ಕಪಕ್ಕದಲ್ಲೇ ಬರುತ್ತವೆ. ನಡುವೆ ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ದಾರಿ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ.

"ಹಾಗಾದ್ರೂ ಟೈಮ್ ಸಾಕಲ್ವಾ ಅಕ್ಕಾ?" ಅಂದೆ.

"ಟೈಮ್ ಬಿಡು. ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಯಾರಾದರೂ ಕೇಳಿದಿರಾ?"

ಯಾರೂ ಕೇಳಿರಲಿಲ್ಲ. ನಿಲ್ದಾಣ ಬದಲಾಯಿಸಬೇಕಾದರೆ ಇಮಿಗ್ರೇಷನ್ ದಾಟಿ ಬ್ರಿಟನ್ನಿನ ಒಳಕ್ಕೆ ಕಾಲಿಡಬೇಕು. ಲಗೇಜನ್ನೂ ತಾವೇ ಎತ್ತಿಕೊಳ್ಳಬೇಕು. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದರ ಮೇಲೆ ವೀಸಾ ಬೇಕಾಗಬಹುದು. ವೀಸಾ ಇಲ್ಲದಿದ್ದರೆ ಆ ಪ್ರಯಾಣಿಕ ಲಂಡನ್‌ವರೆಗೂ ಹೋಗುವುದಿಲ್ಲ, ಹೊರಡುವ ಊರಿನ ಚೆಕ್-ಇನ್ ಕೌಂಟರಿನಲ್ಲೇ ನಿಲ್ಲಿಸುತ್ತಾರೆ. ದಾಖಲೆ ಸರಿಯಿಲ್ಲದವರನ್ನು ಕರೆತಂದರೆ ಅನೇಕ ದೇಶಗಳು ವಿಮಾನ ಸಂಸ್ಥೆಗೇ ದಂಡ ಹಾಕುತ್ತವೆ, ಅದಕ್ಕೆ ಕೌಂಟರಿನವರು ಯಾವ ದೇಶಕ್ಕೆ ಏನು ದಾಖಲೆ ಬೇಕು ಅಂತ ತಿಳಿಸುವ ಟಿಮ್ಯಾಟಿಕ್ ನೋಡದೆ ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಅಮೆರಿಕದ ಮೂಲಕ ಹಾದು ಹೋಗುವುದಾದರೆ ನಿಲ್ದಾಣ ಬದಲಾಗದಿದ್ದರೂ ಇಮಿಗ್ರೇಷನ್ ದಾಟಲೇಬೇಕು ಅಂತಲೂ ಅಕ್ಕ ಸೇರಿಸಿದರು. ಅಂಥ ಸಮಯದಲ್ಲಿ ಜನ ಕೌಂಟರಿನ ಮುಂದೆ ನಿಂತು ಏನು ಹೇಳುತ್ತಾರೆ ಅಂತ ಕೇಳಿದೆ. "ಏನೂ ಹೇಳಲ್ಲ. ಟಿಕೆಟ್ ತೋರಿಸ್ತಾನೇ ಇರ್ತಾರೆ. ದುಡ್ಡು ಕೊಟ್ಟಿದೀವಲ್ಲ ಅಂತ."

ಈ ಓದಿನಲ್ಲಿ ಬೇರೆಲ್ಲದಕ್ಕಿಂತ ಇದು ದೊಡ್ಡದು ಅಂತ ನನಗೆ ಅನ್ನಿಸಿದ್ದು ಆಗಲೇ. ಊರು, ಸ್ಮಾರಕ, ಕಡಲ ತೀರ ಎಲ್ಲವನ್ನೂ ಪ್ರಯಾಣಿಕರೇ ಓದಿಕೊಂಡು ಬರುತ್ತಾರೆ. ಎರಡು ವಿಮಾನಗಳ ನಡುವಿನ ಆ ಐದು ಗಂಟೆಯನ್ನು ಯಾರೂ ಓದಿಕೊಂಡು ಬರುವುದಿಲ್ಲ. ಅದನ್ನು ಓದಬೇಕಾದವರು ನಾವು.

ಬುಕಿಂಗ್ ಕಮಾಂಡ್‌ಗಳನ್ನು ಬೇಗ ಮುಗಿಸಿದೆವು. ಟಿಕೆಟ್ ಬುಕ್ ಮಾಡುವ ಕಂಪ್ಯೂಟರ್ ವ್ಯವಸ್ಥೆ ಅಮೆಡಿಯಸ್‌ನಲ್ಲಿ ಎಎನ್ ಹೊಡೆದರೆ ಸೀಟು ಇದೆಯಾ ಅಂತ ಕಾಣುತ್ತದೆ, ಎಸ್‌ಎಸ್ ಹೊಡೆದರೆ ಸೀಟು ಹಿಡಿಯುತ್ತದೆ, ಎನ್‌ಎಂ ಹೆಸರಿಗೆ, ಇಆರ್ ಸೇವ್ ಮಾಡುವುದಕ್ಕೆ. ಕೈ ರೂಢಿಯಾದರೆ ಆಯಿತು. ಹೆಸರಿನ ಸಾಲು ಮಾತ್ರ ಹಾಗಲ್ಲ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಟಿಕೆಟ್ಟಿನಲ್ಲೂ ಇರಬೇಕು, ಮೊದಲು ಸರ್‌ನೇಮ್, ಒಂದು ಓರೆ ಗೀಟು, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರದು ಬೇರೆಯೇ ಕಥೆ, ಅದಕ್ಕೆ ಒಂದೊಂದು ವಿಮಾನ ಸಂಸ್ಥೆಯದು ಒಂದೊಂದು ನಿಯಮ. ಫೋನಿನಲ್ಲಿ ಹೆಸರು ಬರೆದುಕೊಳ್ಳುವುದನ್ನೂ ಅಭ್ಯಾಸ ಮಾಡಿದೆವು. ಒಬ್ಬರು ಗೋಡೆಯ ಕಡೆ ಮುಖ ಮಾಡಿ ಎಂಗೆ ಮೈಕ್, ಎನ್‌ಗೆ ನವೆಂಬರ್, ಡಿಗೆ ಡೆಲ್ಟಾ ಅಂತ ಹೇಳುವುದು, ಇನ್ನೊಬ್ಬರು ಬರೆಯುವುದು. ಎಂ ಮತ್ತು ಎನ್ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಅದಕ್ಕೇ ಈ ವ್ಯವಸ್ಥೆ.

ದರದ ಲೆಕ್ಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನನಗೆ ಆಗಿಬರದ ಪಾಠ. ಒಂದು ದರಕ್ಕೆ ಗರಿಷ್ಠ ಇಷ್ಟು ಮೈಲಿ ಅಂತ ಇರುತ್ತದೆ. ಸುತ್ತು ದಾರಿಯಲ್ಲಿ ಹೋಗಿ ಅದನ್ನು ಮೀರಿದರೆ 5, 10, 15, 20, 25 ಶೇಕಡಾ ಅಂತ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಈಗ ಇದನ್ನೆಲ್ಲ ಕಂಪ್ಯೂಟರೇ ಮಾಡುತ್ತದೆ. ಪರೀಕ್ಷೆಯಲ್ಲಿ ಮಾತ್ರ ನಾವೇ ಮಾಡಬೇಕು.

ಸಂಜೆ ಹೊತ್ತಿಗೆ ಹಳೆ ನೋಟ್ಸಿನ ತಂಟೆ ಶುರುವಾಯಿತು. ಹಿಂದಿನ ಬ್ಯಾಚಿನವರಿಂದ ಬಂದ ನೋಟ್ಸಿನಲ್ಲಿ, ಲಗೇಜ್ ಕಳೆದುಹೋದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರದ ಮಿತಿ 1,288 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ) ಅಂತಿತ್ತು. ಅದು 2024ರ ಡಿಸೆಂಬರ್ 28ರಿಂದ 1,519 ಆಗಿದೆ. ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಹೆಸರೂ ಹಳೆಯದೇ ಇತ್ತು. 2024ರಿಂದ ಅದು ಯುಎನ್ ಟೂರಿಸಂ. ಬೇರೆ ಓದಿಗೆ ಅಣ್ಣನ ಪುಸ್ತಕ ತಮ್ಮನಿಗೆ ಆಗುತ್ತದೆ, ಇಲ್ಲಿ ಆಗಲ್ಲ. ಆ ನೋಟ್ಸನ್ನು ಇಟ್ಟುಕೊಂಡು ಪ್ರತಿ ಅಂಕಿಯ ಪಕ್ಕದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾ ಹೋದೆವು, ರಾತ್ರಿ ಮನೆಗೆ ಹೋಗಿ ಒಬ್ಬೊಬ್ಬರು ಒಂದೊಂದು ಅಧ್ಯಾಯ ಸರಿ ನೋಡುವುದು ಅಂತ ಹಂಚಿಕೊಂಡೆವು.

ಪರೀಕ್ಷೆಯಲ್ಲಿ ದರದ ಲೆಕ್ಕವೇ ಜಾಸ್ತಿ ಬಂತು. ಹೇಗೋ ಪಾಸಾದೆ. ಅಕ್ಕನಿಗೆ ನನಗಿಂತ ಒಳ್ಳೆ ಮಾರ್ಕ್ಸ್, ಬಡ್ತಿಯೂ ಬಂತು. ಈಗ ಅವರು ಮುಂದಿನ ಕೋರ್ಸಿಗೂ ಒಟ್ಟಿಗೆ ಸೇರೋಣ ಬಾ ಅಂತ ಕರೆಯುತ್ತಿದ್ದಾರೆ. ಆ ಕೋರ್ಸ್ ಪೂರ್ತಿ ದರದ ಲೆಕ್ಕದ್ದೇ ಅಂತೆ. ನಾನಿನ್ನೂ ಹೂಂ ಅಂದಿಲ್ಲ.