ಅಡುಗೆಮನೆಯಿಂದ ಬಾಗಿಲವರೆಗೆ

ಪೈಲ್ಸ್ ಆಪರೇಷನ್ ಆದ ಮಾರನೇ ಬೆಳಿಗ್ಗೆ ವಾರ್ಡಿನ ಸಿಸ್ಟರ್ ಬಂದು, "ಅಮ್ಮಾ, ಎದ್ದು ಸ್ವಲ್ಪ ಓಡಾಡಿ" ಎಂದರು. ಕೇಳಿಯೇ ನನಗೆ ಬೆವರು ಬಂತು. ನನ್ನದು ತೆರೆದ ಗಾಯ. ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿಯುವವಳು ನಾನು. ಕತ್ತರಿಸಿದ್ದನ್ನು ಹೊಲಿಯದೆ ಹೇಗೆ ಬಿಡುತ್ತಾರೆ ಅನ್ನೋದೇ ನನ್ನ ಭಯ. ಡಾಕ್ಟರ್ ಸಮಾಧಾನವಾಗಿ ಹೇಳಿದರು: ಇದು ಮಿಲಿಗನ್-ಮಾರ್ಗನ್ ವಿಧಾನ, 1937ರಿಂದ ಬಳಕೆಯಲ್ಲಿದೆ, ಗಾಯ ಒಳಗಿನಿಂದ ತಾನೇ ತುಂಬಿಕೊಳ್ಳುತ್ತದೆ.

ಆದರೂ ಮೈಸೂರಿನ ಮನೆಗೆ ಬಂದ ಮೇಲೆ ಎರಡು ದಿನ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಅಲುಗಾಡಿದರೆ ರಕ್ತ ಬರುತ್ತದೆ ಅಂದುಕೊಂಡಿದ್ದೆ. ನೋವಿನ ಮಾತ್ರೆಯ ಜೊತೆಗೆ ಮಲಗಿದ್ದೂ ಸೇರಿ ಮಲ ಗಟ್ಟಿಯಾಯಿತು. ಮೂರನೇ ದಿನ ಟಾಯ್ಲೆಟ್ಟಿನಲ್ಲಿ ಪಟ್ಟ ಪಾಡು ಹೆರಿಗೆ ನೋವನ್ನು ನೆನಪಿಸಿತು. ಹೊರಗೆ ಬಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, "ನೀನು ಮಲಗಿದ್ರೆ ಹೊಟ್ಟೆನೂ ಮಲಗುತ್ತೆ ಕಣಮ್ಮ" ಎಂದರು. ಅವತ್ತಿನಿಂದ ನಡೆಯಲು ಶುರು ಮಾಡಿದೆ.

ಅಡುಗೆಮನೆಯಿಂದ ಮುಂಬಾಗಿಲಿಗೆ ಹದಿನಾಲ್ಕು ಹೆಜ್ಜೆ. ಐದು ನಿಮಿಷ ಹೋಗಿ ಬಂದು ಮಾಡುವುದು, ದಿನಕ್ಕೆ ನಾಲ್ಕೈದು ಸಲ. ಹೆಜ್ಜೆ ಚಿಕ್ಕದು, ಹತ್ತಿ ಬಟ್ಟೆ, ಒಳಗೆ ಪ್ಯಾಡ್. ಮಲಗಿದ್ದಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ. ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ಸಲ ನಿಧಾನವಾಗಿ ಉಸಿರಾಡುತ್ತಿದ್ದೆ. ಉಸಿರು ಒಳಗೆ ಹೋದಾಗ ಹೊಟ್ಟೆ ಏಳಬೇಕು, ಜೊತೆಗೆ ಗುದದ ಸುತ್ತಲಿನ ಬಿಗಿಯೂ ಸಡಿಲವಾಗಬೇಕು. ನೋವಿದ್ದಾಗ ನಮಗೇ ಗೊತ್ತಿಲ್ಲದೆ ಅಲ್ಲಿ ಬಿಗಿಹಿಡಿದಿರುತ್ತೇವೆ, ಅದರಿಂದ ನೋವು ಇನ್ನೂ ಜಾಸ್ತಿ. ನಡೆದು ಬಂದು ಉಗುರುಬೆಚ್ಚನೆಯ ನೀರಿನ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಎಷ್ಟು ಹಾಯೆನಿಸುತ್ತಿತ್ತು! ರಾತ್ರಿ ಇಸಬ್‌ಗೋಲ್, ದಿನವಿಡೀ ನೀರು. ಐದನೇ ದಿನ ಹೆಚ್ಚು ಕಷ್ಟವಿಲ್ಲದೆ ಹೊಟ್ಟೆ ಖಾಲಿಯಾಯಿತು. ದೇವರಿಗೆ ಕೈಮುಗಿದೆ.

ಒಂಬತ್ತನೇ ದಿನ ತಪ್ಪು ಮಾಡಿದೆ. ಮೈ ಹಗುರವಾಗಿದೆ ಅಂತ ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಟೆರೇಸಿಗೆ ಹತ್ತಿದೆ. ಸ್ವಲ್ಪ ಹೊತ್ತಿಗೆ ಪ್ಯಾಡಿನಲ್ಲಿ ರಕ್ತ. ಫೋನಿನಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎತ್ತುವಾಗ ಉಸಿರು ಹಿಡಿದಿದ್ರಾ?" ಹಿಡಿದಿದ್ದೆ. ಉಸಿರು ಕಟ್ಟಿ ಭಾರ ಎತ್ತಿದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಗಿನ ರಕ್ತನಾಳಗಳ ಮೇಲೆ ಬೀಳುತ್ತದಂತೆ. ಟಾಯ್ಲೆಟ್ಟಿನಲ್ಲಿ ತಿಣುಕುವಾಗ ಆಗುವುದೂ ಇದೇ. ರಕ್ತ ನಿಲ್ಲದಿದ್ದರೆ, ಗಡ್ಡೆ ಗಡ್ಡೆಯಾಗಿ ಬಂದರೆ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ತಕ್ಷಣ ಬನ್ನಿ ಎಂದರು. ನನಗೆ ಸಂಜೆಯೊಳಗೆ ನಿಂತಿತು. ಆಮೇಲೆ ಒಂದು ತಿಂಗಳು ತುಂಬಿದ ಕೊಡ ಕೂಡ ಮುಟ್ಟಲಿಲ್ಲ. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುವುದನ್ನೂ ಬಿಟ್ಟೆ. ಮಗಳು ಹಾಕಿದಳು, ಎಳೆ ಸ್ವಲ್ಪ ಸೊಟ್ಟ, ಆದರೂ ನೋಡಲು ಖುಷಿಯಾಗುತ್ತಿತ್ತು.

ಮೂರನೇ ವಾರ ಯಜಮಾನರು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದರು. ಸ್ಕೂಟರ್ ಬೇಡವೆಂದು ಆಟೋ ಮಾಡಿದ್ದರು, ಪ್ರತಿ ರೋಡ್ ಹಂಪ್‌ಗೂ ಡ್ರೈವರ್‌ಗೆ ನಿಧಾನ ಎನ್ನುತ್ತಿದ್ದರು. ಅವತ್ತು ಮೊದಲ ಬೆಂಚಿನವರೆಗೆ ಮಾತ್ರ. ಮರುದಿನ ಅದರಾಚೆಯ ಮರದವರೆಗೆ. ನೀರಹಕ್ಕಿಗಳನ್ನು ನೋಡುತ್ತಾ ನಿಂತರೆ ನೋವು ಮರೆಯುತ್ತಿತ್ತು. ಡಾಕ್ಟರ್ ಒಪ್ಪಿದ ಮೇಲೆ ಗಾಳಿ ತಡೆಯುವ ಹಾಗೆ ಗುದದ ಸ್ನಾಯುವನ್ನು ಮೆಲ್ಲಗೆ ಬಿಗಿ ಮಾಡಿ, ಐದು ಎಣಿಸಿ, ಪೂರ್ತಿ ಸಡಿಲ ಬಿಡುವ ವ್ಯಾಯಾಮ ಶುರು ಮಾಡಿದೆ. ಬಿಗಿ ಮಾಡುವುದಕ್ಕಿಂತ ಪೂರ್ತಿ ಬಿಡುವುದನ್ನು ಕಲಿಯಲು ನನಗೆ ಹೆಚ್ಚು ದಿನ ಬೇಕಾಯಿತು.

ಈ ಕಾಯಿಲೆಯನ್ನು ನಾನು ಐದು ವರ್ಷ ಯಾರಿಗೂ ಹೇಳಿರಲಿಲ್ಲ. ಬ್ಲೌಸ್ ಅಳತೆ ಕೊಡಲು ಬರುವ ಹೆಂಗಸರಲ್ಲೂ ಎಷ್ಟು ಜನ ಹೀಗೇ ಬಾಯಿ ಮುಚ್ಚಿಕೊಂಡಿದ್ದಾರೋ. ಅವರಲ್ಲಿ ಒಬ್ಬರಾದರೂ ಓದಲಿ ಅಂತಲೇ ಇಷ್ಟೆಲ್ಲ ಬರೆದೆ.

ಆರನೇ ವಾರ ಕೆರೆಯ ಪೂರ್ತಿ ಒಂದು ಸುತ್ತು ಹಾಕಿದೆ. ಈಗ ಮತ್ತೆ ಮಿಷನ್ ಮುಂದೆ ಕೂತಿದ್ದೇನೆ. ಅರ್ಧ ಗಂಟೆಗೊಮ್ಮೆ ಮೊಬೈಲ್ ಕೂಗುತ್ತದೆ. ಎದ್ದು ತುಳಸಿಕಟ್ಟೆಯವರೆಗೆ ಹೋಗಿ ಬರುತ್ತೇನೆ.