ಬೆಲ್ಲನ ಸ್ವೆಟರ್

"ನಾಯಿಗೂ ಅಂಗಿಯೇ? ಪುಣೆಗೆ ಹೋಗಿ ನಿಮಗೆ ದುಡ್ಡು ಹೆಚ್ಚಾಗಿದೆ, ತಮ್ಮಾ" ಎಂದು ಅವ್ವ ಫೋನಿನಲ್ಲಿ ನಕ್ಕಳು. ಕಳೆದ ಡಿಸೆಂಬರಿನ ಮಾತು.

ನಮ್ಮದು ಮುಧೋಳ ನಾಯಿ. ಊರಿನಿಂದಲೇ ಮರಿಯಾಗಿ ಬಂದದ್ದು. ಮೈಬಣ್ಣ ನೋಡಿ ಬೆಲ್ಲ ಎಂದು ಹೆಸರಿಟ್ಟೆವು. ಗಂಡು ನಾಯಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕರ್ವೆನಗರದ ನಮ್ಮ ಸೊಸೈಟಿಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಬೆಲ್ಲ ಎಂದೊಡನೆ ಇಲ್ಲಿಯವರ ಕಿವಿಗೆ ಯಾವುದೋ ಇಂಗ್ಲಿಷ್ ಹುಡುಗಿಯ ಹೆಸರು ಕೇಳಿಸುತ್ತದೆ. ತಳಿಯ ಹೆಸರೂ ಇಲ್ಲಿ ಬೇರೆ, ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ತಂದಿತ್ತು ಎಂದು ನಾನು ಲಿಫ್ಟಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿಸಿಕೊಂಡು, "ಇವಳ ವಯಸ್ಸೆಷ್ಟು?" ಎನ್ನುತ್ತಾರೆ.

ಬೇಟೆಗೆಂದೇ ಬೆಳೆಸಿದ ಮೈ ಅದು. ಕೂದಲು ಗಿಡ್ಡ, ಒಂದೇ ಪದರ, ಚರ್ಮದ ಕೆಳಗೆ ಕೊಬ್ಬು ಕಡಿಮೆ. ಓಡುವಾಗ ಅದು ವರ, ಮಲಗಿದಾಗ ಶಾಪ. ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಪಾದರಸ ಹತ್ತು ಡಿಗ್ರಿಯ ಕೆಳಗಿಳಿಯುವ ದಿನಗಳಿವೆ. ಅಂಥದೊಂದು ದಿನ ಐದು ಗಂಟೆಗೆ ಎದ್ದು ನೋಡಿದರೆ ಬೆಲ್ಲ ಮೂತಿಯನ್ನು ಬಾಲದಡಿ ತುರುಕಿ ಚಕ್ಕುಲಿಯಂತೆ ಸುತ್ತಿಕೊಂಡಿದ್ದ. ತೊಡೆಯ ಚರ್ಮ ಅದುರುತ್ತಿತ್ತು.

ಅವ್ವನಿಗೆ ಹೇಳಿದೆ. "ನಮ್ಮಲ್ಲೇನು ಚಳಿ ಇಲ್ಲವೇ? ಇಲ್ಲಿಯ ನಾಯಿಗಳು ಬದುಕಿಲ್ಲವೇ?" ಎಂದಳು. ಬದುಕಿವೆ. ಆದರೆ ಅವಕ್ಕೆ ಮೇವಿನ ಬಣವೆಯ ಸಂದಿ ಇತ್ತು, ಒಲೆಯ ಬೆಚ್ಚಗಿನ ಬೂದಿ ಇತ್ತು, ಬಿಸಿಲು ಸರಿದಂತೆ ತಾವೂ ಸರಿಯಲು ಅಂಗಳವಿತ್ತು. ನಾಲ್ಕನೆಯ ಮಹಡಿಯಲ್ಲಿ ಬೆಲ್ಲನಿಗೆ ಇರುವುದು ನುಣುಪಾದ ಟೈಲ್ಸ್. ಬಣವೆಯನ್ನು ತಪ್ಪಿಸಿದವರು ನಾವು, ಬದಲಿಗೆ ಏನಾದರೂ ಕೊಡಬೇಕಲ್ಲ.

"ಕಾರಹುಣ್ಣಿಮೆಗೆ ಎತ್ತಿನ ಮೈಮೇಲೆ ಜೂಲಾ ಬಟ್ಟೆ ಹಾಕುವುದಿಲ್ಲವೇ, ಅವ್ವಾ?" ಎಂದೂ ಕೇಳಿದೆ. "ಹಾಕುತ್ತೇವೆ. ಸಂಜೆಗೆ ತೆಗೆಯುತ್ತೇವೆ" ಎಂದಳು. ಆ ಎರಡನೆಯ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ದೀಪಾವಳಿಯ ಕಥೆ ಬೇರೆ. ಹೆಂಡತಿ ಜರಿಯ ಜಾಕೆಟ್ ತಂದು ತೊಡಿಸಿದ್ದಳು. ಬೆಲ್ಲ ಹಜಾರದ ನಡುವೆ ಕಲ್ಲಿನ ನಂದಿಯಂತೆ ನಿಂತುಬಿಟ್ಟ. ಬಾಲ ಕಾಲ ಸಂದಿಯಲ್ಲಿ, ಕಣ್ಣು ಗೋಡೆಯ ಮೇಲೆ. ಬಂದವರೆಲ್ಲ "ಎಷ್ಟು ಜಾಣೆ!" ಎಂದು ಫೋಟೋ ತೆಗೆದರು. ಅದು ಜಾಣತನವಲ್ಲ, ಭಯ. ನಾಯಿ ಬೆನ್ನಿನ ಕೂದಲು ನಿಮಿರಿಸಿ ಇನ್ನೊಂದು ನಾಯಿಗೆ ಹೇಳುವ ಮಾತೂ ಆ ಜರಿಯ ಕೆಳಗೆ ಮುಚ್ಚಿಹೋಗುತ್ತದೆ. ಹತ್ತು ನಿಮಿಷಕ್ಕೆ ಬಿಚ್ಚಿಸಿದೆ, ಹೆಂಡತಿ ಎರಡು ದಿನ ಮುಖ ಊದಿಸಿಕೊಂಡಳು.

ಚಳಿಗೆ ಬೇಕಾದದ್ದು ಸ್ವೆಟರ್. ಅಂಗಡಿಯಲ್ಲಿ ಸಿಗುವುದೆಲ್ಲ ದುಂಡುಮೈಯ ನಾಯಿಗಳ ಅಳತೆಯದು. ಮುಧೋಳಕ್ಕೆ ಎದೆ ಆಳ, ಸೊಂಟ ಹಿಡಿಯಷ್ಟು. ಎದೆಗೆ ಸರಿಹೋದದ್ದು ಹೊಟ್ಟೆಯ ಬಳಿ ಜೋಳಿಗೆಯಂತೆ ಜೋತುಬೀಳುತ್ತಿತ್ತು. ಕೊನೆಗೆ ಎದುರು ಮನೆಯ ಕಾಕು (ಚಿಕ್ಕಮ್ಮ) ತಾವೇ ಟೇಪು ಹಿಡಿದು ಬಂದು ಕುತ್ತಿಗೆಯ ಸುತ್ತಳತೆ, ಎದೆಯ ಸುತ್ತಳತೆ, ಕತ್ತಿನಿಂದ ಬಾಲದ ಬುಡದವರೆಗಿನ ಉದ್ದ ಬರೆದುಕೊಂಡರು. ವಾರದಲ್ಲಿ ಹೆಣೆದೂ ಕೊಟ್ಟರು. ಗುಲಾಬಿ ಬಣ್ಣ, ಹೊಟ್ಟೆಯ ಕೆಳಗೆ ಹಿಂಗಾಲಿನ ತನಕ ಮುಚ್ಚುವಂತೆ. ಹೆಣ್ಣು ನಾಯಿಯಾಗಿದ್ದರೆ ಸರಿ. ಬೆಲ್ಲ ಮೊದಲ ದೀಪದ ಕಂಬಕ್ಕೆ ಕಾಲೆತ್ತಿದೊಡನೆ ಕಾಕುವಿನ ಒಂದು ವಾರದ ಶ್ರಮ ತೊಯ್ದುಹೋಯಿತು. ಒದ್ದೆ ಉಣ್ಣೆ ಬರಿಮೈಗಿಂತ ಕಡೆ, ನಡುಗುತ್ತಲೇ ಮನೆಗೆ ಬಂದ. ಕಾಕು ನಿಟ್ಟುಸಿರಿಟ್ಟು ಹೊಟ್ಟೆಯ ಕಡೆ ಒಂದು ಗೇಣು ಬಿಚ್ಚಿದರು.

ಆಮೇಲೆ ನಾನೇ ಒಂದು ತಪ್ಪು ಮಾಡಿದೆ. ಬೆಚ್ಚಗಿರಲಿ ಎಂದು ಮೂರು ದಿನ ತೆಗೆಯಲೇ ಇಲ್ಲ. ಮುಂಗಾಲಿನ ಕಂಕುಳಲ್ಲಿ ಉಜ್ಜಿ ಕೂದಲು ಹೋಗಿ ಚರ್ಮ ಕೆಂಪಾಗಿತ್ತು. ಮಧ್ಯಾಹ್ನ ಇಲ್ಲಿ ಮೂವತ್ತು ಡಿಗ್ರಿಯ ಹತ್ತಿರದ ಬಿಸಿಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಮಾತ್ರ ಬೆವರು, ಉಳಿದ ಸೆಕೆಯನ್ನು ಏದುಸಿರಿನಿಂದಲೇ ಹೊರಹಾಕಬೇಕು. ಸಂಜೆಗೆ ತೆಗೆಯುತ್ತೇವೆ ಎಂದ ಅವ್ವನ ಮಾತು ಆಗ ನೆನಪಾಯಿತು.

ಈಗ ರಾತ್ರಿಗೆ ಅವ್ವನೇ ಹಳೆಯ ಸೀರೆಗಳನ್ನು ಹೊಲಿದು ಕಳಿಸಿದ ಕೌದಿ ಇದೆ. ಮೊಮ್ಮಗಳಿಗೆಂದು ಕಳಿಸಿದ್ದು, ಮಲಗುವವನು ಬೆಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಸ್ವೆಟರ್ ಬೆಳಗಿನ ತಿರುಗಾಟಕ್ಕೆ ಮಾತ್ರ. ಕೊರಳನ್ನು ತಾನೇ ಮುಂದೆ ಚಾಚಿದರೆ ತೊಡಿಸುತ್ತೇನೆ, ಮೇಜಿನಡಿ ನುಸುಳಿದರೆ ಬಿಟ್ಟುಬಿಡುತ್ತೇನೆ. ತಳಜಾಯಿ ಗುಡ್ಡದ ಮೇಲೆ ಬಿಸಿಲು ಬಿದ್ದೊಡನೆ ಬಿಚ್ಚುತ್ತೇನೆ. ಅವನು ಮೂಗಿನಿಂದ ಬಾಲದವರೆಗೆ ಒಮ್ಮೆ ಮೈಕೊಡವುತ್ತಾನೆ. ಗುಲಾಬಿ ಸ್ವೆಟರನ್ನು ಹೆಗಲ ಮೇಲೆ ಹಾಕಿಕೊಂಡು ನಾನು ಹಿಂದೆ ನಡೆಯುತ್ತೇನೆ.

ಎದುರು ಬಂದ ಅಜ್ಜಿಯೊಬ್ಬರು ಮೊನ್ನೆ ನಿಂತು, "ಬೆಲ್ಲಾ ಕಿತೀ ಗೋಡ ದಿಸತೇ!" ಎಂದರು. ಎಷ್ಟು ಸಿಹಿಯಾಗಿ ಕಾಣುತ್ತಾಳೆ ಎಂದು. ಬೆಲ್ಲ ಸಿಹಿಯಾಗಿರದೆ ಇನ್ನೇನು? ನಾನು ತಿದ್ದಲು ಹೋಗಲಿಲ್ಲ.